ಹಳೆಯ ಇಗರ್ಜಿಗಳ ಜೀರ್ಣೋದ್ಧಾರ

ಆಶಯ: ಪ್ರಾಚೀನ ಕಟ್ಟಡಗಳು ಒಂದು ಜನಸಮುದಾಯದ ನೆನಪಿನ ಭಂಡಾರಗಳು. ಅವು ಬೀಳದಂತೆ ಕಾಪಾಡುವುದು ಒಂದು ಕರ್ತವ್ಯವಾದರೆ, ಜನರು ಒಳಗೆ ಬಂದು ಹೋಗುವಂತೆ ಅವುಗಳ ಬಾಗಿಲನ್ನು ತೆರೆದಿಡುವುದು ಮತ್ತೊಂದು ಕರ್ತವ್ಯ. ಈ ಎರಡನ್ನೂ ಒಟ್ಟಿಗೆ ನಿರ್ವಹಿಸಲು ಇಂಗ್ಲೆಂಡಿನ ಜನರು ನಡೆಸಿರುವ ಪ್ರಯತ್ನವನ್ನು ಈ ಪಾಠ ನಿರೂಪಿಸುತ್ತದೆ.

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಸಂಚರಿಸುವ ಪ್ರವಾಸಿಗೆ ಊರು ಕಾಣುವುದಕ್ಕೆ ಮೊದಲೇ ಊರಿನ ಇಗರ್ಜಿ ಕಾಣುತ್ತದೆ. ಮರಗಳ ಮೇಲೆ ತಲೆಯೆತ್ತಿ ನಿಂತ ಅದರ ಗೋಪುರವೇ ಊರಿನ ಗುರುತು. ಇಗರ್ಜಿಯ ಸುತ್ತ ಊರಿನ ಹಿರಿಯರು ಚಿರನಿದ್ರೆಯಲ್ಲಿರುವ ಸ್ಮಶಾನಭೂಮಿ. ಒಳಗೆ ತಲೆಮಾರುಗಳಿಂದ ಶಿಶುಗಳಿಗೆ ಜ್ಞಾನಸ್ನಾನ ಮಾಡಿಸಿದ ಕಲ್ಲಿನ ತೊಟ್ಟಿ. ಗೋಡೆಗಳ ಮೇಲೆ ಯುದ್ಧಗಳಲ್ಲಿ ಮಡಿದ ಊರಿನ ತರುಣರ ಹೆಸರುಗಳು. ಮೇಲೆ ಸುಖದುಃಖಗಳೆರಡನ್ನೂ ಸಾರುತ್ತ ಬಂದ ಗಂಟೆಗಳು. ಪ್ರತಿಯೊಂದು ಇಗರ್ಜಿಯಲ್ಲಿಯೂ ಜ್ಞಾನಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಬರೆದಿಡಬೇಕೆಂದು 1538ರಲ್ಲಿ ರಾಜಾಜ್ಞೆಯಾಯಿತು. ಅರಸರ ಚರಿತ್ರೆಯನ್ನು ಬರೆಯಲು ಆಸ್ಥಾನ ಪಂಡಿತರಿದ್ದರು. ರೈತನ, ಕಮ್ಮಾರನ, ಕುರುಬನ ಹೆಸರನ್ನು ಉಳಿಸಿದ್ದು ಈ ಇಗರ್ಜಿಯ ದಫ್ತರಗಳೇ. ಬಹುಮಟ್ಟಿಗೆ ಆ ದೇಶದ ಸಾಮಾನ್ಯರ ಚರಿತ್ರೆ ಇರುವುದು ಈ ಕಟ್ಟಡಗಳಲ್ಲಿ.

ಅವುಗಳ ಪ್ರಾಚೀನತೆಯೂ ಬೆರಗು ಹುಟ್ಟಿಸುವಂಥದು. ಡರ್ಹಮ್ ಪ್ರಾಂತದ ಎಸ್ಕೂಮ್ ಎಂಬ ಊರಿನ ಪುಟ್ಟ ಇಗರ್ಜಿ ಕ್ರಿ.ಶ. ಏಳನೆಯ ಶತಮಾನದ್ದು. ಅದನ್ನು ಕಟ್ಟಿದವರು ಸಮೀಪದಲ್ಲಿ ಪಾಳುಬಿದ್ದಿದ್ದ ರೋಮನ್ ಕೋಟೆಯ ಕಲ್ಲುಗಳನ್ನೇ ತಂದು ಬಳಸಿದರು. ಎಸೆಕ್ಸ್ ಪ್ರಾಂತದ ಗ್ರೀನ್‌ಸ್ಟೆಡ್ ಎಂಬಲ್ಲಿ ಓಕ್ ಮರದ ದಿಮ್ಮಿಗಳನ್ನು ಸಾಲಾಗಿ ನಿಲ್ಲಿಸಿ ಮಾಡಿದ ಗೋಡೆಗಳು ಸುಮಾರು ಒಂಬತ್ತೂವರೆ ಶತಮಾನಗಳ ಮಳೆ ಹಿಮಗಳನ್ನು ಸಹಿಸಿ ಇಂದಿಗೂ ನಿಂತಿವೆ. ಚರ್ಚ್ ಆಫ್ ಇಂಗ್ಲೆಂಡ್ ಎಂಬ ಧರ್ಮಸಂಸ್ಥೆಯೊಂದಕ್ಕೇ ಸುಮಾರು 16,000 ಇಗರ್ಜಿಗಳಿವೆ. ಅವುಗಳಲ್ಲಿ 12,000ಕ್ಕೂ ಹೆಚ್ಚಿನವು ವಾಸ್ತುಶಿಲ್ಪದ ಅಥವಾ ಚರಿತ್ರೆಯ ದೃಷ್ಟಿಯಿಂದ ಮಹತ್ವವುಳ್ಳವೆಂದು ಸರ್ಕಾರದ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಸೇರಿವೆ.

ಪಟ್ಟಿಯಲ್ಲಿ ಹೆಸರು ಸೇರಿದ ಮಾತ್ರಕ್ಕೆ ಕಟ್ಟಡ ಉಳಿಯುವುದಿಲ್ಲ. ಫ್ರಾನ್ಸ್ ದೇಶದಲ್ಲಿ 1905ರ ಕಾನೂನಿನ ತರುವಾಯ ಅದಕ್ಕೆ ಹಿಂದೆ ಕಟ್ಟಿದ ಬಹುಪಾಲು ಇಗರ್ಜಿಗಳು ಊರಿನ ಪೌರಸಭೆಗಳ ಸ್ವತ್ತಾದವು. ಮಹಾದೇವಾಲಯಗಳು ರಾಷ್ಟ್ರದ ಸ್ವತ್ತಾದವು. 2019ರ ಏಪ್ರಿಲ್ 15ರಂದು ಪ್ಯಾರಿಸ್ಸಿನ ನೋತ್ರ್ ದಾಮ್ ದೇವಾಲಯದ ಚಾವಣಿ ಬೆಂಕಿಗೆ ಆಹುತಿಯಾದಾಗ ಅದನ್ನು ಮತ್ತೆ ಕಟ್ಟುವ ಹೊಣೆಯನ್ನು ರಾಷ್ಟ್ರವೇ ಹೊತ್ತು, 2024ರ ಡಿಸೆಂಬರಿನಲ್ಲಿ ಅದರ ಬಾಗಿಲು ತೆರೆಯಿತು. ಇಂಗ್ಲೆಂಡಿನ ರೀತಿ ಬೇರೆ. ಅಲ್ಲಿ ಊರಿನ ಇಗರ್ಜಿಯನ್ನು ನೋಡಿಕೊಳ್ಳುವ ಹೊರೆ ಮುಖ್ಯವಾಗಿ ಅಲ್ಲಿ ಪ್ರಾರ್ಥನೆಗೆ ಸೇರುವ ಜನರದೇ. ಭಾನುವಾರದ ಪ್ರಾರ್ಥನೆಗೆ ಹತ್ತಿಪ್ಪತ್ತು ಮಂದಿ ವೃದ್ಧರು ಮಾತ್ರ ಬರುವ ಊರಿನಲ್ಲಿಯೂ ಎಂಟು ನೂರು ವರ್ಷದ ಚಾವಣಿ, ಗೋಪುರ, ಕಿಟಕಿಗಳ ರಕ್ಷಣೆ ಆ ಹತ್ತಿಪ್ಪತ್ತು ಮಂದಿಯ ಹೆಗಲಿಗೇ ಬೀಳುತ್ತದೆ. ಹಳೆಯ ಇಗರ್ಜಿಗಳ ಸಮಸ್ಯೆಯ ಮೂಲವಿರುವುದು ಇಲ್ಲಿ.

ಕಲ್ಲಿನ ಕಟ್ಟಡಕ್ಕೆ ಶತ್ರು ಯಾವುದು? ಸಿಡಿಲು, ಬೆಂಕಿ, ಯುದ್ಧಗಳು ಎಂದಾದರೊಮ್ಮೆ ಬರುವ ಶತ್ರುಗಳು. ದಿನವೂ ಕಾದು ಕುಳಿತಿರುವ ಶತ್ರು ನೀರು. ಇಗರ್ಜಿಯ ಚಾವಣಿಗೆ ಹೊದಿಸಿದ ಸೀಸದ ತಗಡಿನಲ್ಲಿ ಒಂದು ಸೀಳು ಬಿಟ್ಟರೆ, ಮಳೆನೀರು ಹರಿಯುವ ದೋಣಿಯಲ್ಲಿ ಒಣಗಿದ ಎಲೆಗಳೋ ಹಕ್ಕಿಯ ಗೂಡೋ ಸಿಕ್ಕಿಕೊಂಡರೆ, ನೀರು ದಾರಿ ತಪ್ಪಿ ಗೋಡೆಯೊಳಕ್ಕೆ ಇಳಿಯುತ್ತದೆ. ತೊಲೆಗಳ ತುದಿ ಗೋಡೆಯಲ್ಲಿ ಹುದುಗಿರುವ ಕಡೆಯಲ್ಲಿಯೇ ಮರ ಕೊಳೆಯತೊಡಗುತ್ತದೆ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಉಬ್ಬಿ ಕಲ್ಲಿನ ಮುಖವನ್ನೇ ಸಿಡಿಸುತ್ತದೆ. ಎಲೆಗಳನ್ನು ತೆಗೆದುಹಾಕಲು ಒಂದು ಏಣಿಯೂ ಅರ್ಧ ದಿನದ ಕೆಲಸವೂ ಸಾಕಾಗಿತ್ತು. ಅದನ್ನು ಹತ್ತು ವರ್ಷ ಅಲಕ್ಷಿಸಿದರೆ ಚಾವಣಿಯನ್ನೇ ಬದಲಿಸಬೇಕಾಗುತ್ತದೆ. ಸೀಸಕ್ಕೆ ಬೆಲೆ ಬಂದಂತೆಲ್ಲ ಚಾವಣಿಯ ತಗಡನ್ನೇ ಕಳ್ಳರು ರಾತ್ರೋರಾತ್ರಿ ಸುಲಿದೊಯ್ದ ಪ್ರಸಂಗಗಳೂ ಆ ದೇಶದಲ್ಲಿ ಅನೇಕ ನಡೆದಿವೆ.

ಹಿತವನ್ನು ಬಯಸಿ ಮಾಡಿದ ಕೆಲಸವೂ ಕೆಲವೊಮ್ಮೆ ಕೇಡನ್ನು ತಂದಿತು. ಹಿಂದಿನವರು ಕಲ್ಲುಗಳ ನಡುವೆ ತುಂಬುತ್ತಿದ್ದುದು ಸುಣ್ಣದ ಗಾರೆಯನ್ನು. ಗಾರೆ ಮೃದು, ಅದರಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಗೋಡೆಯೊಳಗೆ ಸೇರಿದ ತೇವ ಆ ರಂಧ್ರಗಳ ಮೂಲಕ ಹೊರಬಂದು ಆರಿಹೋಗುತ್ತದೆ. ಗೋಡೆ ಉಸಿರಾಡುತ್ತದೆ ಎಂದು ಕುಶಲಕರ್ಮಿಗಳು ಹೇಳುವುದುಂಟು. ಇಪ್ಪತ್ತನೆಯ ಶತಮಾನದಲ್ಲಿ ಗಟ್ಟಿಯಾದುದೇ ಒಳ್ಳೆಯದೆಂದು ಭಾವಿಸಿ ಅನೇಕ ಕಡೆ ಸಂದುಗಳಿಗೆ ಸಿಮೆಂಟನ್ನು ಮೆತ್ತಲಾಯಿತು. ತೇವಕ್ಕೆ ಹೊರಬರಲು ಸಂದು ಸಿಕ್ಕದೆ ಹೋದಾಗ ಅದು ಕಲ್ಲಿನ ಮೂಲಕವೇ ಹೊರಬರತೊಡಗಿತು. ಪರಿಣಾಮವಾಗಿ ಸಿಮೆಂಟು ಹಾಗೆಯೇ ಉಳಿದು ಕಲ್ಲು ಪುಡಿಪುಡಿಯಾಗಿ ಉದುರಿತು. ಇಂದು ಜೀರ್ಣೋದ್ಧಾರಕರು ಆ ಸಿಮೆಂಟನ್ನು ಎಚ್ಚರಿಕೆಯಿಂದ ಕೆತ್ತಿ ತೆಗೆದು ಮತ್ತೆ ಸುಣ್ಣದ ಗಾರೆಯನ್ನೇ ತುಂಬುತ್ತಿದ್ದಾರೆ. ಹಳೆಯ ಕಟ್ಟಡವನ್ನು ಮುಟ್ಟುವವನು ಮೊದಲು ಅದನ್ನು ಕಟ್ಟಿದವನ ವಿವೇಕವನ್ನು ತಿಳಿಯಬೇಕೆಂಬುದಕ್ಕೆ ಇದು ನಿದರ್ಶನ.

ಈ ವಿವೇಕದ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ದೊಡ್ಡ ವಾದವಾಗಿ ಬೆಳೆದಿತ್ತು. ಆಗ ಇಂಗ್ಲೆಂಡಿನಲ್ಲಿ ಇಗರ್ಜಿಗಳನ್ನು ನವೀಕರಿಸುವ ಉತ್ಸಾಹ ಉಕ್ಕಿ ಹರಿಯುತ್ತಿತ್ತು. ಕಟ್ಟಡವು ಮೂಲದಲ್ಲಿ ಹೇಗಿದ್ದಿತೋ ಹಾಗೆಯೇ ಕಾಣಬೇಕೆಂಬ ಹಟದಿಂದ ವಾಸ್ತುಶಿಲ್ಪಿಗಳು ನಡುವಣ ಶತಮಾನಗಳಲ್ಲಿ ಸೇರಿದ್ದ ಭಾಗಗಳನ್ನೆಲ್ಲ ಕಿತ್ತುಹಾಕಿ, ತಮ್ಮ ಊಹೆಯ ಪ್ರಾಚೀನತೆಯನ್ನು ಹೊಸ ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸುತ್ತಿದ್ದರು. ಹಳೆಯ ಗೋಡೆಯ ಮೇಲಿನ ಗಾರೆಯನ್ನು ಕೆರೆದುಹಾಕಿದಾಗ ಅದರ ಮೇಲಿದ್ದ ಚಿತ್ರಗಳೂ ಕೆರೆದುಹೋದವು. ಟ್ಯೂಕ್ಸ್‌ಬರಿಯ ಪ್ರಾಚೀನ ಮಠದ ಇಗರ್ಜಿಯನ್ನು ಪ್ರಖ್ಯಾತ ವಾಸ್ತುಶಿಲ್ಪಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ನವೀಕರಿಸಲಿದ್ದಾನೆಂಬ ವಾರ್ತೆ 1877ರ ಮಾರ್ಚ್ ತಿಂಗಳಿನಲ್ಲಿ ಕವಿಯೂ ಕುಶಲಕರ್ಮಿಯೂ ಆಗಿದ್ದ ವಿಲಿಯಂ ಮಾರಿಸನ ಕಿವಿಗೆ ಬಿತ್ತು. ಆತ ಕೂಡಲೇ ಪತ್ರಿಕೆಯೊಂದಕ್ಕೆ ಪ್ರತಿಭಟನೆಯ ಪತ್ರ ಬರೆದನು. ಅದೇ ತಿಂಗಳು ಗೆಳೆಯರನ್ನು ಕೂಡಿಸಿ ಪ್ರಾಚೀನ ಕಟ್ಟಡಗಳ ಸಂರಕ್ಷಣೆಗಾಗಿ ಸಂಘವೊಂದನ್ನು ಸ್ಥಾಪಿಸಿದನು. ಹಳೆಯ ಕಟ್ಟಡವು ಒಂದು ಕಾಲದವರ ಸ್ವತ್ತಲ್ಲ, ಅದರ ಮೇಲೆ ಬಿದ್ದ ಪ್ರತಿ ಶತಮಾನದ ಗುರುತೂ ಸತ್ಯವೇ. ಅದನ್ನು ಅಳಿಸಿ ಹೊಸದಾಗಿ ಕಾಣಿಸುವುದು ಚರಿತ್ರೆಯನ್ನು ತಿದ್ದಿದಂತೆ. ಆದುದರಿಂದ ಪ್ರತಿದಿನದ ಆರೈಕೆಯಿಂದ ಶೈಥಿಲ್ಯವನ್ನು ತಡೆಯುವುದೇ ನಿಜವಾದ ರಕ್ಷಣೆ. ಇದು ಆ ಸಂಘದ ಮತದ ಸಾರ. ಒಂದೂವರೆ ಶತಮಾನದ ಬಳಿಕವೂ ಆ ಸಂಘ ಜೀವಂತವಾಗಿದೆ. ಅದರ ಮತ ಇಂದು ಅನೇಕ ದೇಶಗಳ ಸಂರಕ್ಷಣಶಾಸ್ತ್ರಕ್ಕೆ ತಳಹದಿಯಾಗಿದೆ.

ತಳಹದಿಯ ಮಾತು ಬಂದಾಗ ವಿಂಚೆಸ್ಟರಿನ ಮಹಾದೇವಾಲಯದ ಕಥೆಯನ್ನು ಹೇಳದೆ ಇರಲಾಗದು. 1093ರಲ್ಲಿ ಪ್ರತಿಷ್ಠಾಪನೆಗೊಂಡ ಈ ದೇವಾಲಯದ ಪೂರ್ವಭಾಗವನ್ನು ಹದಿಮೂರನೆಯ ಶತಮಾನದಲ್ಲಿ ವಿಸ್ತರಿಸಿದರು. ಅಲ್ಲಿಯ ನೆಲ ಜೌಗು. ಮೇಲೆ ಕೊಳೆತ ಸಸ್ಯಗಳಿಂದಾದ ಮೆತ್ತನೆಯ ಕಪ್ಪು ಮಣ್ಣು, ಅದರ ಕೆಳಗೆ ಗಟ್ಟಿಯಾದ ಗರಸು. ಕಟ್ಟಿದವರು ಬೀಚ್ ಮರದ ದಿಮ್ಮಿಗಳನ್ನು ಹಾಸಿ ಅದರ ಮೇಲೆ ಗೋಡೆ ಎಬ್ಬಿಸಿದ್ದರು. ಏಳು ಶತಮಾನಗಳು ಕಳೆಯುವಷ್ಟರಲ್ಲಿ ಆ ಹಾಸು ಕುಸಿಯಿತು. 1905ರ ವೇಳೆಗೆ ಗೋಡೆಗಳು ವಾಲಿದ್ದವು, ಬಿರುಕುಗಳು ಅಗಲವಾಗಿದ್ದವು, ಕಮಾನುಗಳಿಂದ ಕಲ್ಲಿನ ಚೂರುಗಳು ಉದುರುತ್ತಿದ್ದವು. ವಾಸ್ತುಶಿಲ್ಪಿ ಥಾಮಸ್ ಜ್ಯಾಕ್ಸನ್ ಮತ್ತು ಎಂಜಿನಿಯರ್ ಫ್ರಾನ್ಸಿಸ್ ಫಾಕ್ಸ್ ತಳಹದಿಯನ್ನು ಗರಸಿನವರೆಗೆ ಇಳಿಸಬೇಕೆಂದು ನಿರ್ಧರಿಸಿದರು. ಆದರೆ ಗುಂಡಿ ತೋಡಿದೊಡನೆ ನೆಲದಡಿಯ ನೀರು ನುಗ್ಗಿ ತುಂಬಿತು. ನೀರನ್ನು ಯಂತ್ರದಿಂದ ಎತ್ತಿದರೆ ಅದರೊಡನೆ ಮಣ್ಣೂ ಹರಿದುಬಂದು ಗೋಡೆಗಳು ಇನ್ನೂ ಕುಸಿಯುವ ಅಪಾಯವಿತ್ತು.

ಆಗ ಫಾಕ್ಸ್ ಒಂದು ಉಪಾಯವನ್ನು ಯೋಚಿಸಿದನು. ನೀರನ್ನು ಹೊರಗೆ ತೆಗೆಯುವ ಬದಲು ನೀರಿನೊಳಕ್ಕೇ ಕೆಲಸಗಾರನನ್ನು ಕಳುಹಿಸಬಾರದೇಕೆ? ವಿಲಿಯಂ ವಾಕರ್ ಎಂಬ ಅನುಭವಿ ಮುಳುಗುಗಾರನು ಈ ಕೆಲಸಕ್ಕೆ ನಿಂತನು. 1906ರಿಂದ 1911ರವರೆಗೆ, ಸುಮಾರು ಐದು ವರ್ಷಗಳ ಕಾಲ, ದಿನಕ್ಕೆ ಆರು ಗಂಟೆಯಂತೆ ಅವನು ದೇವಾಲಯದ ಅಡಿಯ ನೀರಿನಲ್ಲಿ ದುಡಿದನು. ತೊಟ್ಟ ಉಡುಪು, ಲೋಹದ ಶಿರಸ್ತ್ರಾಣ, ಸೀಸದ ಭಾರ ಎಲ್ಲ ಸೇರಿ ಸುಮಾರು 90 ಕಿಲೋಗ್ರಾಂ ತೂಕ. ನೀರು ಕೆಸರಿನಿಂದ ಎಷ್ಟು ಕಪ್ಪಾಗಿದ್ದಿತೆಂದರೆ ದೀಪದಿಂದಲೂ ಪ್ರಯೋಜನವಿರಲಿಲ್ಲ. ಕೈಯ ಸ್ಪರ್ಶವೇ ಅವನಿಗೆ ಕಣ್ಣಾಗಿತ್ತು. ಮೆತ್ತನೆಯ ಮಣ್ಣನ್ನು ತೋಡಿ ತೆಗೆದು, ಗರಸಿನ ಮೇಲೆ ಕಾಂಕ್ರೀಟಿನ ಚೀಲಗಳನ್ನು ಒಂದರ ಪಕ್ಕದಲ್ಲೊಂದು ಹಾಸಿ, ಅವುಗಳನ್ನು ಸೀಳಿ, ನೀರು ಮೇಲಕ್ಕೆ ಬಾರದಂತೆ ಅವನು ತಳವನ್ನು ಮುಚ್ಚುತ್ತಿದ್ದನು. ಆಮೇಲೆ ಗುಂಡಿಯ ನೀರನ್ನು ಎತ್ತಿ, ಗಾರೆಯವರು ಇಳಿದು ಇಟ್ಟಿಗೆಯ ತಳಹದಿಯನ್ನು ಕಟ್ಟುತ್ತಿದ್ದರು. ಈ ರೀತಿ 25,000ಕ್ಕೂ ಹೆಚ್ಚು ಕಾಂಕ್ರೀಟಿನ ಚೀಲಗಳು, ಸುಮಾರು 1,15,000 ಕಾಂಕ್ರೀಟಿನ ಗಟ್ಟಿಗಳು, ಸುಮಾರು 9,00,000 ಇಟ್ಟಿಗೆಗಳು ಆ ನೆಲದ ಹೊಟ್ಟೆಯನ್ನು ಸೇರಿದವು.

1912ರ ಜುಲೈ 15ರಂದು ಅಲ್ಲಿ ಕೃತಜ್ಞತೆಯ ಪ್ರಾರ್ಥನೆ ನಡೆಯಿತು. ದೊರೆ ಐದನೆಯ ಜಾರ್ಜನ ಸಮ್ಮುಖದಲ್ಲಿ ವಾಕರನಿಗೆ ಗೌರವ ಸಂದಿತು. 1918ರಲ್ಲಿ ಜಗತ್ತನ್ನೇ ನಡುಗಿಸಿದ ಇನ್‌ಫ್ಲುಯೆಂಜಾ ಜ್ವರಕ್ಕೆ ಅವನು ಬಲಿಯಾದನು. ಹಲವು ವರ್ಷಗಳ ತರುವಾಯ ದೇವಾಲಯದಲ್ಲಿ ಅವನ ಪುಟ್ಟ ಪ್ರತಿಮೆಯೊಂದನ್ನು ಇರಿಸಿದರು. ಆದರೆ ಚಿತ್ರವನ್ನು ಗುರುತಿಸುವುದರಲ್ಲಿ ಆದ ತಪ್ಪಿನಿಂದ ಪ್ರತಿಮೆಗೆ ಎಂಜಿನಿಯರ್ ಫಾಕ್ಸನ ಮುಖ ಬಂದಿತ್ತು! 2001ರಲ್ಲಿ ವಾಕರನ ನಿಜರೂಪದ ಪ್ರತಿಮೆಯನ್ನು ಮಾಡಿಸಿಟ್ಟು ಆ ದೋಷವನ್ನು ನಿವಾರಿಸಲಾಯಿತು. ಹೊರಗಿನ ಗೋಪುರವನ್ನು ಎಲ್ಲರೂ ಹೊಗಳುತ್ತಾರೆ. ಕತ್ತಲೆಯಲ್ಲಿ ತಳಹದಿಯನ್ನು ನಿಲ್ಲಿಸಿದವನ ಮುಖವನ್ನು ಗುರುತಿಟ್ಟುಕೊಳ್ಳುವವರು ವಿರಳ.

ವಿಂಚೆಸ್ಟರಿನಂತಹ ಮಹಾದೇವಾಲಯಗಳಿಗೆ ರಾಜರೂ ಧನಿಕರೂ ನೆರವಾದರು. ಸಣ್ಣ ಊರಿನ ಇಗರ್ಜಿಗಳಿಗೆ ಯಾರು ದಿಕ್ಕು? ಎರಡನೆಯ ಮಹಾಯುದ್ಧ ಮುಗಿದಾಗ ಅವುಗಳ ಸ್ಥಿತಿ ಶೋಚನೀಯವಾಗಿತ್ತು. ಯುದ್ಧಕಾಲದಲ್ಲಿ ದುರಸ್ತಿ ನಡೆದಿರಲಿಲ್ಲ. ಹಳ್ಳಿಯ ಜನ ಕೆಲಸವನ್ನರಸಿ ಪಟ್ಟಣಗಳಿಗೆ ಹೋಗಿದ್ದರು. ಪಟ್ಟಣದ ನಡುಭಾಗದ ಜನ ಹೊರವಲಯದ ಬಡಾವಣೆಗಳಿಗೆ ಹೋಗಿದ್ದರು. ಪ್ರಾರ್ಥನೆಗೆ ಬರುವವರ ಸಂಖ್ಯೆಯೂ ಇಳಿಮುಖವಾಗಿತ್ತು. 1953ರಲ್ಲಿ ಐತಿಹಾಸಿಕ ಇಗರ್ಜಿಗಳ ರಕ್ಷಣೆಗಾಗಿ ನಿಧಿಯೊಂದು ಸ್ಥಾಪಿತವಾಯಿತು. ಪಾರ್ಲಿಮೆಂಟಿನ ಸದಸ್ಯನಾಗಿದ್ದ ಐವರ್ ಬುಲ್ಮರ್-ಥಾಮಸ್ ಅದರ ಮುಂದಾಳುಗಳಲ್ಲೊಬ್ಬನು. ಜನರು ಇನ್ನೂ ಬಳಸುತ್ತಿರುವ ಇಗರ್ಜಿಗೆ ಸಹಾಯ ದೊರೆಯುತ್ತದೆ. ಜನರೇ ಇಲ್ಲದ ಇಗರ್ಜಿಯ ಗತಿಯೇನು ಎಂಬ ಚಿಂತೆ ಅವನನ್ನು ಬಾಧಿಸಿತು. 1957ರಲ್ಲಿ ಅವನು ಮತ್ತೊಂದು ಸಂಘವನ್ನು ಕಟ್ಟಿದನು. ಅದಕ್ಕೆ ಅವನಿಟ್ಟ ಹೆಸರೇ ಹೃದಯಸ್ಪರ್ಶಿಯಾದುದು: 'ಗೆಳೆಯರಿಲ್ಲದ ಇಗರ್ಜಿಗಳ ಗೆಳೆಯರು'. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಅರುವತ್ತಕ್ಕೂ ಹೆಚ್ಚು ಅನಾಥ ಇಗರ್ಜಿಗಳು ಆ ಗೆಳೆಯರ ಆಶ್ರಯ ಪಡೆದಿವೆ.

ಬಳಕೆ ತಪ್ಪಿದ ಇಗರ್ಜಿಗಳನ್ನು ಕುರಿತು 1968ರಲ್ಲಿ ಶಾಸನವೊಂದು ಬಂದಿತು. ಅದರ ಅನುಸಾರವಾಗಿ 1969ರಲ್ಲಿ ಸ್ಥಾಪಿತವಾದ ನಿಧಿಗೆ ಧರ್ಮಸಂಸ್ಥೆಯೂ ಸರ್ಕಾರವೂ ಹಣ ಒದಗಿಸಿದವು. ಬುಲ್ಮರ್-ಥಾಮಸನೇ ಅದರ ಮೊದಲ ಅಧ್ಯಕ್ಷನಾದನು. 1994ರಿಂದ ಇಗರ್ಜಿ ಸಂರಕ್ಷಣ ನಿಧಿ ಎಂಬ ಅರ್ಥದ ಹೊಸ ಹೆಸರನ್ನು ಪಡೆದ ಈ ಸಂಸ್ಥೆಯ ವಶದಲ್ಲಿ ಇಂದು 350ಕ್ಕೂ ಹೆಚ್ಚು ಇಗರ್ಜಿಗಳಿವೆ.

ಬೀಳುವ ಕಟ್ಟಡವನ್ನು ಎತ್ತಿ ನಿಲ್ಲಿಸಿದ ಮೇಲೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಅದರ ಬಾಗಿಲಿಗೆ ಬೀಗ ಹಾಕಬೇಕೆ, ತೆರೆದಿಡಬೇಕೆ? ಬೀಗ ಹಾಕಿದರೆ ಕಳ್ಳರ ಭಯವಿಲ್ಲವೆಂದು ತೋರುವುದು ಸಹಜ. ಅನುಭವ ಬೇರೊಂದು ಪಾಠವನ್ನು ಕಲಿಸಿದೆ. ಸದಾ ಮುಚ್ಚಿದ ಕಟ್ಟಡದಲ್ಲಿ ಗಾಳಿಯಾಡುವುದಿಲ್ಲ. ಮೂಲೆಯಲ್ಲಿ ತೊಟ್ಟಿಕ್ಕುವ ನೀರನ್ನು ಯಾರೂ ನೋಡುವುದಿಲ್ಲ. ಕಿಟಕಿ ಒಡೆದರೂ ತಿಂಗಳುಗಟ್ಟಲೆ ಯಾರಿಗೂ ತಿಳಿಯುವುದಿಲ್ಲ. ಜನ ಬಂದು ಹೋಗುತ್ತಿರುವ ಕಟ್ಟಡಕ್ಕೆ ನೂರು ಕಣ್ಣುಗಳ ಕಾವಲು. ಅಷ್ಟೇ ಅಲ್ಲ, ಒಳಗೆ ಕಾಲಿಡದ ಕಟ್ಟಡಕ್ಕಾಗಿ ಯಾರೂ ಹಣ ಕೊಡುವುದಿಲ್ಲ, ಏಣಿ ಹಿಡಿಯುವುದಿಲ್ಲ, ಕಣ್ಣೀರನ್ನೂ ಹಾಕುವುದಿಲ್ಲ. ಜನರ ಮಮತೆಯೇ ಕಟ್ಟಡದ ನಿಜವಾದ ತಳಹದಿ.

ಆದರೆ ಪ್ರಾರ್ಥನೆಗೆ ಬರುವವರು ಕಡಿಮೆಯಾದ ಮೇಲೆ ಜನರು ಬರುವುದಾದರೂ ಏತಕ್ಕೆ? ಈ ಪ್ರಶ್ನೆಗೆ ಕೆಲವು ಊರುಗಳು ಕಂಡುಕೊಂಡ ಉತ್ತರ ಸ್ವಾರಸ್ಯವಾಗಿದೆ. ಹರ್ಫರ್ಡ್ ಪ್ರಾಂತದ ಯಾರ್‌ಪೋಲ್ ಎಂಬ ಹಳ್ಳಿಯಲ್ಲಿ ಸಂತ ಲಿಯೊನಾರ್ಡನ ಇಗರ್ಜಿಯಿದೆ. ಅದರ ಮಗ್ಗುಲಲ್ಲಿ ಬೇರೆಯಾಗಿ ನಿಂತ ಗಂಟೆಯ ಗೋಪುರ ಮಧ್ಯಯುಗದ ಮರಗೆಲಸಕ್ಕೆ ಒಳ್ಳೆಯ ಮಾದರಿ. ಊರಿನ ಅಂಗಡಿಗೂ ಅಂಚೆಕಚೇರಿಗೂ ನೆಲೆಯಿಲ್ಲದಂತಾದಾಗ ಊರಿನವರು 2009ರಲ್ಲಿ ಅವೆರಡನ್ನೂ ಇಗರ್ಜಿಯ ಒಳಗೇ ತಂದರು. ಸಭಾಂಗಣದ ಒಂದು ತುದಿಯಲ್ಲಿ ಪ್ರಾರ್ಥನೆ, ಇನ್ನೊಂದು ತುದಿಯಲ್ಲಿ ರೊಟ್ಟಿ, ಹಾಲು, ಅಂಚೆಚೀಟಿ. ಹರ್ಫರ್ಡ್ ನಗರದ ಸಕಲಸಂತರ ಇಗರ್ಜಿ ಬೀಳುವ ಸ್ಥಿತಿಯಲ್ಲಿತ್ತು. ಅದನ್ನು ದುರಸ್ತಿಗೊಳಿಸಿ 1997ರಲ್ಲಿ ಅದರ ಪಶ್ಚಿಮ ಭಾಗದಲ್ಲಿ ಉಪಾಹಾರಗೃಹವೊಂದನ್ನು ತೆರೆದರು. ಬ್ರಿಸ್ಟಲ್ ನಗರದ ಸಂತ ಪೌಲನ ಇಗರ್ಜಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಟ್ಟಿದ್ದು, 1988ರಲ್ಲಿ ಮುಚ್ಚಿಹೋಯಿತು. ಅದನ್ನು ಜೀರ್ಣೋದ್ಧಾರ ಮಾಡಿದಾಗ ಎತ್ತರವಾದ ಚಾವಣಿಯ ಆ ಸಭಾಂಗಣ ಸರ್ಕಸ್ ವಿದ್ಯೆಯನ್ನು ಕಲಿಸುವ ಶಾಲೆಗೆ ತಕ್ಕ ಸ್ಥಳವೆಂದು ಕಂಡಿತು. 2005ರಿಂದ ಅಲ್ಲಿ ಹಗ್ಗದ ಉಯ್ಯಾಲೆಗಳು ತೂಗಾಡಿದವು.

ಬೋಲ್ಟನ್ ನಗರದ ಸರ್ವಾತ್ಮರ ಇಗರ್ಜಿಯ ಕಥೆ ಭಾರತೀಯರಿಗೆ ಇನ್ನೂ ಹತ್ತಿರದ್ದು. ಹತ್ತಿಯ ಗಿರಣಿಗಳ ಆ ನಗರದಲ್ಲಿ ಗಿರಣಿ ಮಾಲೀಕರಾದ ಸೋದರರ ಧನಸಹಾಯದಿಂದ 1880ರ ಸುಮಾರಿನಲ್ಲಿ ಈ ವಿಶಾಲವಾದ ಇಗರ್ಜಿ ಎದ್ದಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗುಜರಾತ್ ಮೊದಲಾದ ಕಡೆಗಳಿಂದ ಗಿರಣಿಗಳಲ್ಲಿ ದುಡಿಯಲು ಹೋದ ಕುಟುಂಬಗಳು ಸುತ್ತಲಿನ ಬೀದಿಗಳಲ್ಲಿ ನೆಲೆಸಿದವು. ಅವರಲ್ಲಿ ಅನೇಕರು ಮುಸ್ಲಿಮರು. 1986ರಲ್ಲಿ ಇಗರ್ಜಿ ಮುಚ್ಚಿತು. ವರ್ಷಗಳ ಕಾಲ ಖಾಲಿಯಾಗಿ ನಿಂತ ಆ ಕಟ್ಟಡವನ್ನು ಉಳಿಸಬೇಕೆಂಬ ಪ್ರಯತ್ನಕ್ಕೆ ಮುಂದಾಳಾಗಿ ನಿಂತವನು ಆ ಬೀದಿಗಳಲ್ಲಿಯೇ ಬೆಳೆದ ಒಬ್ಬ ಮುಸ್ಲಿಂ ನಾಗರಿಕ. ಯಾರ ದೇವಾಲಯವೆಂಬುದಕ್ಕಿಂತ ನಮ್ಮೂರಿನ ಕಟ್ಟಡವೆಂಬ ಭಾವನೆ ಅಲ್ಲಿ ಮೇಲಾಯಿತು. ಸಂರಕ್ಷಣ ನಿಧಿಯೂ ನೆರೆಹೊರೆಯವರೂ ಕೈಜೋಡಿಸಿದರು. ಇಗರ್ಜಿಯ ಹಳೆಯ ಗೋಡೆಗಳನ್ನು ಕೆಡಿಸದೆ ಅವುಗಳ ನಡುವೆ ಬೇರೆಯಾಗಿ ನಿಲ್ಲುವ ಹೊಸ ಕೊಠಡಿಗಳನ್ನು ನಿರ್ಮಿಸಿ, 2014ರಲ್ಲಿ ಎಲ್ಲ ಮತದವರೂ ಬರಬಹುದಾದ ಸಮುದಾಯ ಕೇಂದ್ರವಾಗಿ ಅದನ್ನು ತೆರೆಯಲಾಯಿತು.

ಈ ಮಾರ್ಪಾಡುಗಳನ್ನು ಎಲ್ಲರೂ ಒಪ್ಪಿದರೆಂದು ಹೇಳಲಾಗದು. ಪವಿತ್ರಸ್ಥಳದಲ್ಲಿ ವ್ಯಾಪಾರವೇ ಎಂದು ನೊಂದುಕೊಂಡವರಿದ್ದಾರೆ. ಅವರ ನೋವನ್ನು ಹಗುರವಾಗಿ ಕಾಣತಕ್ಕದ್ದಲ್ಲ. ತಂದೆತಾಯಿಗಳ ಅಂತ್ಯಕ್ರಿಯೆ ನಡೆದ ಸ್ಥಳದಲ್ಲಿ ಕಾಫಿಯ ಬಟ್ಟಲುಗಳ ಸದ್ದು ಕೇಳಿದರೆ ಮನಸ್ಸು ಕಲಕುವುದು ಸ್ವಾಭಾವಿಕ. ಇದಕ್ಕೆ ಚರಿತ್ರೆಯೇ ಒಂದು ಸಮಾಧಾನವನ್ನು ಹೇಳುತ್ತದೆ. ಮಧ್ಯಯುಗದಲ್ಲಿ ಬಲಿಪೀಠವಿದ್ದ ಭಾಗವನ್ನು ನೋಡಿಕೊಳ್ಳುವುದು ಧರ್ಮಾಧಿಕಾರಿಯ ಹೊಣೆಯಾಗಿದ್ದರೆ, ಸಭಾಂಗಣವನ್ನು ನೋಡಿಕೊಳ್ಳುವುದು ಊರವರ ಹೊಣೆಯಾಗಿತ್ತು. ಊರಿನಲ್ಲಿ ದೊಡ್ಡ ಕಟ್ಟಡವೆಂದರೆ ಅದೊಂದೇ ಆದುದರಿಂದ ಸಭೆ, ಪಂಚಾಯಿತಿ, ಹಬ್ಬದೂಟಗಳೂ ಅಲ್ಲಿ ನಡೆಯುತ್ತಿದ್ದುವು. ನೆಲಕ್ಕೆ ಕಚ್ಚಿ ನಿಲ್ಲಿಸಿದ ಬೆಂಚುಗಳ ಸಾಲು ಎಲ್ಲೆಡೆ ಬಂದದ್ದು ತಡವಾಗಿ. ಹಾಗೆ ನೋಡಿದರೆ ಊರಿನ ಬದುಕನ್ನು ಮತ್ತೆ ಇಗರ್ಜಿಗೆ ಕರೆತರುವುದು ಹೊಸ ಸಂಪ್ರದಾಯವೇನೂ ಅಲ್ಲ.

ಆದರೂ ಈ ಕಾರ್ಯಕ್ಕೆ ಕೆಲವು ಮೇರೆಗಳುಂಟು. ಹೊಸದಾಗಿ ಸೇರಿಸುವ ಯಾವುದೇ ಭಾಗವನ್ನು ಮುಂದೊಂದು ದಿನ ಹಳೆಯ ಕಲ್ಲಿಗೆ ಗಾಯವಾಗದಂತೆ ತೆಗೆದುಹಾಕಲು ಬರುವಂತಿರಬೇಕು. ಹಳೆಯದು ಯಾವುದು, ಹೊಸದು ಯಾವುದು ಎಂಬುದು ನೋಡುವವನಿಗೆ ತಿಳಿಯುವಂತಿರಬೇಕು. ಸ್ಥಳದ ಗಾಂಭೀರ್ಯಕ್ಕೆ ಕುಂದು ಬರಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಊರಿನವರನ್ನು ಕೇಳದೆ ಊರಿನ ಕಟ್ಟಡದ ಭವಿಷ್ಯವನ್ನು ನಿರ್ಧರಿಸಬಾರದು. ಇಷ್ಟೆಲ್ಲ ಮಾಡಿದರೂ ಎಲ್ಲ ಇಗರ್ಜಿಗಳೂ ಉಳಿಯುತ್ತವೆಂಬ ಭರವಸೆಯಿಲ್ಲ. ಜನವಸತಿಯಿಂದ ದೂರವಾದ ಬಯಲಿನಲ್ಲಿ ಒಂಟಿಯಾಗಿ ನಿಂತ ಇಗರ್ಜಿಯಲ್ಲಿ ಅಂಗಡಿಯನ್ನು ತೆರೆಯಲಾಗುವುದಿಲ್ಲ. ಅಂಥವುಗಳಿಗೆ ಗೆಳೆಯರ ಸಂಘಗಳ ನಿಸ್ಪೃಹ ಸೇವೆಯೊಂದೇ ಗತಿ.

ಕರ್ನಾಟಕದಲ್ಲಿಯೂ ಈ ಸಮಸ್ಯೆಯ ಎರಡು ಮುಖಗಳನ್ನು ಕಾಣಬಹುದು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಗೋಡೆ ಚಾವಣಿಗಳನ್ನು ಇಟಲಿಯ ಚಿತ್ರಕಾರ ಸೋದರ ಆಂಟೊನಿಯೊ ಮೊಸ್ಕೇನಿ 1899ರಲ್ಲಿ ಆರಂಭಿಸಿ ಚಿತ್ರಗಳಿಂದ ತುಂಬಿದನು. ಕರಾವಳಿಯ ಮಳೆಯ ತೇವ ಆ ಚಿತ್ರಗಳಿಗೆ ಹಾನಿ ತಂದಾಗ, 1990ರ ದಶಕದಲ್ಲಿ ತಜ್ಞರು ವರ್ಷಗಳ ಕಾಲ ಶ್ರಮಿಸಿ ಅವುಗಳನ್ನು ಶುಚಿಗೊಳಿಸಿ ಉಳಿಸಿದರು. ವಿದ್ಯಾರ್ಥಿಗಳೂ ಭಕ್ತರೂ ದೂರದ ಪ್ರವಾಸಿಗಳೂ ಅಲ್ಲಿಗೆ ಬರುತ್ತಾರೆ; ಆ ಮಂದಿರಕ್ಕೆ ಗೆಳೆಯರ ಕೊರತೆಯಿಲ್ಲ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಇಗರ್ಜಿಯ ಹಣೆಬರಹ ಬೇರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಆ ಇಗರ್ಜಿಯ ಊರು ಗೊರೂರಿನ ಹೇಮಾವತಿ ಜಲಾಶಯಕ್ಕಾಗಿ ತೆರವಾಯಿತು. ಹೊಲಗಳಿಗೆ ನೀರು ಬಂದಿತು, ಇಗರ್ಜಿಗೆ ಜನ ಇಲ್ಲವಾದರು. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಅದು ನೀರಿನಲ್ಲಿ ಮುಳುಗಿ ನಿಲ್ಲುತ್ತದೆ, ಬೇಸಗೆಯಲ್ಲಿ ಮತ್ತೆ ನೆಲದ ಮೇಲೆ ಕಾಣಿಸಿಕೊಳ್ಳುತ್ತದೆ. ಚಾವಣಿಯಿಲ್ಲದ ಆ ಗೋಡೆಗಳಿಂದ ಇಟ್ಟಿಗೆಗಳು ಒಂದೊಂದಾಗಿ ಕಳಚುತ್ತಿವೆ. ನೋಡಲು ಬರುವವರು ಸಾವಿರಾರು ಮಂದಿ. ಚಿತ್ರ ತೆಗೆದುಕೊಂಡು ಹೋಗುವವರೇ ಹೆಚ್ಚು, ಉಳಿಸುವ ದಾರಿಯನ್ನು ಚಿಂತಿಸುವವರು ಕಡಿಮೆ.

ಹಳೆಯ ಕೆರೆ, ಗುಡಿ, ಛತ್ರಗಳನ್ನು ಸರಿಪಡಿಸುವುದನ್ನು ನಮ್ಮ ಹಿರಿಯರು ಜೀರ್ಣೋದ್ಧಾರವೆಂದು ಕರೆದರು. ಹೊಸದಾಗಿ ಕಟ್ಟಿಸುವುದಕ್ಕಿಂತ ಅದು ಹೆಚ್ಚಿನ ಪುಣ್ಯವೆಂದು ನಂಬಿದರು. ಆ ನಂಬಿಕೆಯಲ್ಲಿ ಆಳವಾದ ಲೋಕಾನುಭವವಿದೆ. ಹೊಸದನ್ನು ಕಟ್ಟುವವನಿಗೆ ತನ್ನ ಹೆಸರು ಕಲ್ಲಿನ ಮೇಲೆ ಬರುವುದೆಂಬ ಆಸೆಯಿರುತ್ತದೆ. ಹಳೆಯದನ್ನು ಕಾಯುವವನು ಬೇರೆಯವರ ಕೆಲಸಕ್ಕೆ ತನ್ನ ಬೆವರನ್ನು ಧಾರೆಯೆರೆಯುತ್ತಾನೆ. ಚಾವಣಿಯ ದೋಣಿಯಿಂದ ಎಲೆಗಳನ್ನು ತೆಗೆಯುವ ಕೈ, ಕಪ್ಪು ನೀರಿನಲ್ಲಿ ತಳಹದಿಯನ್ನು ಹಾಸಿದ ಕೈ, ಬೆಳಗ್ಗೆ ಬಾಗಿಲು ತೆರೆದು ಸಂಜೆ ಮುಚ್ಚುವ ಕೈ, ಈ ಕೈಗಳು ಇರುವವರೆಗೆ ಕಟ್ಟಡ ಉಳಿಯುತ್ತದೆ. ಅವು ಯಾವ ಮತದವರ ಕೈಗಳೆಂದು ಕಲ್ಲು ಕೇಳುವುದಿಲ್ಲ.

ಶಬ್ದಾರ್ಥ

ಇಗರ್ಜಿ – ಕ್ರೈಸ್ತ ದೇವಾಲಯ, ಚರ್ಚು
ಜೀರ್ಣೋದ್ಧಾರ – ಶಿಥಿಲವಾದುದನ್ನು ಸರಿಪಡಿಸುವುದು
ದಫ್ತರ – ದಾಖಲೆಯ ಪುಸ್ತಕ
ಗರಸು – ಸಣ್ಣ ಕಲ್ಲುಗಳಿಂದ ಕೂಡಿದ ಗಟ್ಟಿ ನೆಲ
ಶೈಥಿಲ್ಯ – ಸಡಿಲವಾಗುವಿಕೆ, ಹಾಳಾಗುವಿಕೆ
ನಿಸ್ಪೃಹ – ಪ್ರತಿಫಲದ ಆಸೆಯಿಲ್ಲದ
ಮೇರೆ – ಎಲ್ಲೆ, ಮಿತಿ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಕಲ್ಲಿನ ಕಟ್ಟಡಕ್ಕೆ ದಿನವೂ ಕಾದು ಕುಳಿತಿರುವ ಶತ್ರು ಯಾವುದು?
2. ವಿಲಿಯಂ ಮಾರಿಸನು ಪ್ರತಿಭಟನೆಯ ಪತ್ರವನ್ನು ಬರೆದುದು ಏಕೆ?
3. ವಾಕರನ ಮೊದಲ ಪ್ರತಿಮೆಯಲ್ಲಿದ್ದ ದೋಷವೇನು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಸುಣ್ಣದ ಗಾರೆಗೂ ಸಿಮೆಂಟಿಗೂ ಇರುವ ವ್ಯತ್ಯಾಸವನ್ನೂ ಅದರ ಪರಿಣಾಮವನ್ನೂ ವಿವರಿಸಿರಿ.
2. ವಿಂಚೆಸ್ಟರಿನ ದೇವಾಲಯದ ತಳಹದಿಯನ್ನು ಭದ್ರಪಡಿಸಿದ ಬಗೆಯನ್ನು ವರ್ಣಿಸಿರಿ.
3. ಬೋಲ್ಟನ್ ನಗರದ ಇಗರ್ಜಿ ಉಳಿದುಬಂದುದು ಹೇಗೆ?

ಇ. ಸಂದರ್ಭ ಸೂಚಿಸಿ ವಿವರಿಸಿರಿ.
1. "ಕೈಯ ಸ್ಪರ್ಶವೇ ಅವನಿಗೆ ಕಣ್ಣಾಗಿತ್ತು."
2. "ಜನರ ಮಮತೆಯೇ ಕಟ್ಟಡದ ನಿಜವಾದ ತಳಹದಿ."

ಈ. ಚರ್ಚಿಸಿರಿ.
ಪ್ರಾಚೀನ ದೇವಾಲಯವನ್ನು ಪೂಜೆ ಪ್ರಾರ್ಥನೆಗಳಲ್ಲದೆ ಬೇರೆ ಕಾರ್ಯಗಳಿಗೂ ಬಳಸುವುದು ಯುಕ್ತವೇ? ಪರವಾಗಿಯೂ ವಿರೋಧವಾಗಿಯೂ ವಾದಗಳನ್ನು ಮಂಡಿಸಿರಿ.

ಉ. ಚಟುವಟಿಕೆ.
ನಿಮ್ಮ ಊರಿನ ಅತ್ಯಂತ ಹಳೆಯ ಕಟ್ಟಡವನ್ನು ಸಂದರ್ಶಿಸಿ, ಅದರ ಚಾವಣಿ, ಗೋಡೆ, ನೀರಿನ ದಾರಿಗಳು ಯಾವ ಸ್ಥಿತಿಯಲ್ಲಿವೆ, ಅದನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ಬರೆದುಕೊಂಡು ಬನ್ನಿರಿ.